ಬಿರುಕಿಗೆ ಸುಣ್ಣ ಬಳಿದ ಶ್ರಾವಣ

ಕಳೆದ ವಾರ ನಿಡಸೋಸಿಯಲ್ಲಿ ಗೆಳತಿಯ ಮನೆಗೆ ಹೋಗಿದ್ದೆ. ಪಂಚಮಿ ಹತ್ತಿರ ಬಂದಿತ್ತು. ಅಂಗಳದಲ್ಲಿ ಗೋಡೆಗೆ ಬಳಿಯಲು ಸುಣ್ಣ ಅರಳಿಸುತ್ತಿದ್ದರು. ಹಳೆಯ ಡ್ರಮ್ಮಿನಲ್ಲಿ ಸುಣ್ಣದ ಹರಳುಗಳು ನೀರು ಕುಡಿದು ಕುದಿಯುತ್ತಿದ್ದವು. ಗಂಟಲು ಕೆರೆಯುವ ಆ ಬಿಸಿ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಎದ್ದು ಬೀದಿಗೆ ಬಂದುಬಿಟ್ಟೆ. ಕೈಯಲ್ಲಿ ಚಹಾದ ಕಪ್ಪು ಹಾಗೇ ಇತ್ತು. ಗೆಳತಿ ಹಿಂದೆಯೇ ಬಂದು ಏನಾಯಿತೆಂದು ಕೇಳಿದಳು. ಏನಿಲ್ಲ ಎಂದೆ. ಬೀದಿಯಲ್ಲಿ ನಿಂತೇ ಚಹಾ ಮುಗಿಸಿದೆ, ಒಳಗೆ ಹೋಗಲಿಲ್ಲ.

ನನ್ನ ಸಂಶೋಧನೆಯ ವರ್ಷದ ಮಳೆಗಾಲದಲ್ಲಿ ಕಂಡದ್ದನ್ನು ಕಂಡಷ್ಟೇ ಬರೆಯಬೇಕೆಂದು ಕೆಲವು ವರ್ಷಗಳಿಂದ ಅಂದುಕೊಳ್ಳುತ್ತಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ. ಗೋಕಾಕದ ಗುಡ್ಡಗಳ ಬುಡದಲ್ಲಿರುವ ಸಣ್ಣ ವಸ್ತಿ ಅದು. ಅಲ್ಲಿ ಈಗಲೂ ಮನೆಗಳಿವೆ, ಜನ ಮಲಗುತ್ತಾರೆ, ಏಳುತ್ತಾರೆ.

ನಾನು ಘೋಡಗೇರಿಯವಳು. ಆ ವರ್ಷ ಸಂಶೋಧನೆಗೆಂದು ಕೊಣ್ಣೂರಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಏನು ಓದುತ್ತೀಯೆಂದು ಮನೆಯ ಒಡತಿ ಕೇಳಿದಾಗ ಸಮುದ್ರ ಎಂದಿದ್ದೆ. "ಸಮುದ್ರ ಓದಾಕ ಕಾರವಾರಕ್ಕ ಹೋಗೂದು ಬಿಟ್ಟು ಕೊಣ್ಣೂರಿಗೆ ಬಂದೀರಲ್ರಿ, ದಾರಿ ತಪ್ಪೀರೇನು?" ಎಂದು ಅವರು ನಕ್ಕಿದ್ದರು.

ದಾರಿ ತಪ್ಪಿರಲಿಲ್ಲ. ಗೋಕಾಕದ ಸುತ್ತಲಿನ ಗುಡ್ಡಗಳ ಗಟ್ಟಿ ಮರಳುಗಲ್ಲು ಒಂದು ಕಾಲಕ್ಕೆ ಸಮುದ್ರದ ದಂಡೆಯಾಗಿತ್ತು. ನೂರು ಕೋಟಿ ವರ್ಷಕ್ಕೂ ಹಿಂದಿನ ಮಾತು. ಇಳಿದುಹೋದ ಅಲೆಗಳು ಮರಳಿನ ಮೇಲೆ ಬಿಟ್ಟ ಗೆರೆಗಳು ಕಲ್ಲಾಗಿ ಈಗಲೂ ಬಂಡೆಗಳ ಮೇಲಿವೆ. ಬಿಸಿಲಿಗೆ ಒಣಗಿ ಒಡೆದ ಕೆಸರು ಕಲ್ಲಾಗಿದೆ. ಕೆಲವು ಕಡೆ ಮಳೆಯ ಹನಿ ಬಿದ್ದ ತಗ್ಗುಗಳೂ ಉಳಿದಿವೆ. ಆ ಸಮುದ್ರದಲ್ಲಿ ಮೀನಿರಲಿಲ್ಲ, ಚಿಪ್ಪಿರಲಿಲ್ಲ, ದಂಡೆಯಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಇದ್ದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಅವು ಒಂದಕ್ಕೊಂದು ಅಂಟಿಕೊಂಡು ಒದ್ದೆ ಮರಳಿನ ಮೇಲೆ ಲೋಳೆಯ ಪೊರೆಯಾಗಿ ಹಬ್ಬುತ್ತಿದ್ದವು, ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ. ಆ ಕೆನೆ ಸುಕ್ಕುಗಟ್ಟಿದಾಗ ಸುಕ್ಕಿನ ಅಚ್ಚು ಮರಳಿನಲ್ಲಿ ಉಳಿಯಿತು. ಆ ಸುಕ್ಕುಗಳನ್ನು ಹುಡುಕಿ, ಅಳೆದು, ಅಂದಿನ ದಂಡೆಯಲ್ಲಿ ಬಿಸಿಲು ಹೇಗಿತ್ತು, ಬಿರುಗಾಳಿ ಎಷ್ಟು ಸಲ ಬರುತ್ತಿತ್ತು, ನೀರು ಎಷ್ಟು ಏರಿ ಇಳಿಯುತ್ತಿತ್ತು ಎಂದು ತಿಳಿಯುವುದು ನನ್ನ ಕೆಲಸವಾಗಿತ್ತು.

ಆ ವಸ್ತಿಯ ಕೊನೆಯ ಮನೆ ಲಕ್ಕಪ್ಪನವರದು. ಕುರಿ ಕಾಯುವ ಮನೆತನ. ತುಸು ಜೋಳದ ಹೊಲವೂ ಇತ್ತು. ಬೇಸಿಗೆಯಲ್ಲೆಲ್ಲ ಅವರ ಕುರಿಗಳು ಮೂಡಲಗಿ ಕಡೆಯ ಎರೆಹೊಲಗಳಲ್ಲಿ ಗೊಬ್ಬರಕ್ಕಾಗಿ ತಂಗುತ್ತಿದ್ದವು. ಮಳೆ ಹಿಡಿದ ಮೇಲೆ ಎರೆಯ ರಾಡಿಯಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ಆಗ ಅವುಗಳನ್ನು ಹೊಡೆದುಕೊಂಡು ಈ ಕಲ್ಲುಗುಡ್ಡಕ್ಕೆ ಬರುತ್ತಿದ್ದರು. ಮನೆಯ ಹಿಂದೆಯೇ ಗುಡ್ಡದ ಓರೆ. ಓರೆಯ ಮೇಲೆ ಒಂದು ಹಾಸುಬಂಡೆ, ಎರಡು ಬಸ್ಸು ಒಂದರ ಬಾಜೂಕ ಒಂದು ನಿಲ್ಲಿಸಿದಷ್ಟು ದೊಡ್ಡದು, ಮನೆಯ ಕಡೆಗೆ ವಾಲಿಕೊಂಡು ಮಲಗಿತ್ತು.

ನಾನು ಅಲ್ಲಿಗೆ ಹೋದದ್ದು ಆ ಬಂಡೆಗಾಗಿ ಅಲ್ಲ, ಅದರ ಅಡಿಯಲ್ಲಿದ್ದ ಪದರಕ್ಕಾಗಿ. ಬಂಡೆಗೂ ಅದರ ಕೆಳಗಿನ ಕಲ್ಲಿಗೂ ನಡುವೆ ಬೆರಳಿನಷ್ಟು ದಪ್ಪದ, ಬೂದುಹಸಿರು ಬಣ್ಣದ ಮಣ್ಣಿನ ಪದರವೊಂದು ಅಂಚಿನಲ್ಲಿ ಕಾಣುತ್ತಿತ್ತು. ಸಮುದ್ರ ಅಲುಗದೆ ನಿಂತ ದಿನಗಳಲ್ಲಿ ಕೂತ ನಯವಾದ ಕೆಸರು ಅದು. ಅದರ ಕೆಳಗೆ ನನ್ನ ಸುಕ್ಕುಗಳಿದ್ದವು. ಅಂಗೈಯಗಲ ಮಾತ್ರ ಹೊರಗೆ, ಉಳಿದದ್ದೆಲ್ಲ ಬಂಡೆಯ ಅಡಿಗೆ. ಅಷ್ಟು ಒಳ್ಳೆಯ ಸುಕ್ಕುಗಳನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ಜ್ಯೇಷ್ಠದ ಬಿಸಿಲಲ್ಲಿ ಆ ಒಣ ಪದರವನ್ನು ಚಾಕುವಿನ ತುದಿಯಿಂದ ಬಿಡಿಸುತ್ತ ಎಷ್ಟು ಖುಷಿಯಲ್ಲಿದ್ದೆನೆಂದರೆ, ಬಂಡೆಯ ಹಿಂದಕ್ಕೆ ಹೋಗಿ ನೋಡಲು ನನಗೆ ತೋಚಲೇ ಇಲ್ಲ.

ನೋಡಿದ್ದು ಮೊದಲ ದೊಡ್ಡ ಮಳೆಯ ಮರುದಿನ. ಬಂಡೆಯ ಹಿಂಬದಿಯಲ್ಲಿ, ಅದು ಗುಡ್ಡವನ್ನು ಬಿಟ್ಟ ಜಾಗದಲ್ಲಿ, ಕೈ ತೂರುವಷ್ಟು ಬಿರುಕಿತ್ತು. ಅದರಲ್ಲಿ ಹುಲ್ಲು ಬೆಳೆದಿತ್ತು, ಅಂದರೆ ಹಳೆಯದು. ಆದರೆ ಒಂದು ಕಡೆ ಹುಲ್ಲಿನ ಬೇರುಗಳು ಎರಡೂ ಬದಿಗೆ ಬಿಗಿಯಾಗಿ ಜಗ್ಗಿಕೊಂಡು ತಂತಿಯ ಹಾಗೆ ನಿಂತಿದ್ದವು. ಅದನ್ನು ನೋಡಿದ ಕೂಡಲೇ ನನಗೆ ಕೆಳಗಿನ ಪದರ ನೆನಪಾಯಿತು. ಒಣಗಿದಾಗ ಚಾಕುವಿಗೆ ಹಾಳೆಯಂತೆ ಬಿಡುವ ಮಣ್ಣು, ಒದ್ದೆಯಾದರೆ ಸಾಬೂನು. ಸಮುದ್ರ ಅತ್ಯಂತ ಶಾಂತವಾಗಿದ್ದ ದಿನಗಳೇ ಈ ಬಂಡೆಯ ಅಡಿಯಲ್ಲಿ ಜಾರುವ ಜಾಗವಾಗಿ ಕಾದಿದ್ದವು.

ನನ್ನ ಮಾರ್ಗದರ್ಶಕರಿಗೆ ಫೋನು ಮಾಡಿದೆ. ಅವರು ಗಾಬರಿಯಾಗಬೇಡ, ಮನೆಯವರನ್ನೂ ಈಗಲೇ ಹೆದರಿಸಬೇಡ, ಮೊದಲು ಅಳೆ ಎಂದರು. ಬಿರುಕಿನ ಎರಡೂ ದಂಡೆಗೆ ಸಿಮೆಂಟು ಹಚ್ಚಿ ತೆಳುವಾದ ಗಾಜಿನ ಪಟ್ಟಿಗಳನ್ನು ಅಡ್ಡಲಾಗಿ ಕೂರಿಸುವುದು ಹಳೆಯ ಪದ್ಧತಿ. ಬಂಡೆ ಕೂದಲೆಳೆಯಷ್ಟು ಸರಿದರೂ ಗಾಜು ಸಿಡಿಯುತ್ತದೆ. ಹಾಗೇ ಮಾಡಿದೆ. ವಾರಕ್ಕೊಮ್ಮೆ ಹೋಗಿ ಪಟ್ಟಿಗಳಿಗೆ ನೀರು ಹಾಕಿ ರಾಡಿ ತೊಳೆದು, ಕುಂಚದಿಂದ ಒರೆಸಿ, ಮೊಣಕಾಲೂರಿ ಬಗ್ಗಿ, ಗಾಜಿಗೆ ಮುಖ ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದೆ. ಗಾಜು ಇಡಿಯಾಗಿದ್ದರೆ ಎದೆಯ ಭಾರ ಇಳಿಯುತ್ತಿತ್ತು. ಕೊಣ್ಣೂರಿಗೆ ಮರಳಿ, ಮಳೆಯ ಸದ್ದು ಜೋರಾದರೆ ಮತ್ತೆ ಏರುತ್ತಿತ್ತು.

ಆ ಹೊತ್ತಿಗೆ ಮನೆಯಲ್ಲಿ ಲಕ್ಕಪ್ಪನವರ ಮಗಳು ನಿಂಗವ್ವ ಇದ್ದಳು. ಮೂಡಲಗಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಷಾಢ ಕಳೆಯುವಷ್ಟರಲ್ಲಿ ಹೆಣ್ಣು ಕೂಸು ಹುಟ್ಟಿತು. ಬಾಣಂತಿಯ ಕೋಣೆ ಮನೆಯ ಹಿಂಬದಿಗೆ, ಗುಡ್ಡಕ್ಕೆ ತಾಗಿಕೊಂಡಿತ್ತು. ಗಾಳಿ ಬರಬಾರದೆಂದು ಅದನ್ನೇ ಆರಿಸಿದ್ದರು. ಹೊರಸಿನ ಕೆಳಗೆ ಕೆಂಡ, ಕೆಂಡದ ಮೇಲೆ ಅಜವಾನ. ಆ ಹೊಗೆ ಹೆಂಚಿನ ಸಂದಿನಿಂದ ಎದ್ದು ಬಂಡೆಯ ಅಡಿಗೆ ಸುಳಿಯುವುದು ನಾನು ಕೂತಲ್ಲಿಗೆ ಕಾಣುತ್ತಿತ್ತು. ಬಂಡೆ ಜಾರಿದರೆ ಮೊದಲು ಸಿಗುವುದು ಆ ಕೋಣೆ. ಇದನ್ನು ನಾನು ಲೆಕ್ಕ ಹಾಕಬೇಕಾಗಿರಲಿಲ್ಲ. ಕಣ್ಣಿಗೇ ಕಾಣುತ್ತಿತ್ತು.

ಪಂಚಮಿಯ ದಿನ ಹೋದೆ. ಮೇಲೆ ಹತ್ತಿ ನೋಡಿದರೆ ಬಿರುಕು ಇರಲಿಲ್ಲ. ಇದ್ದ ಜಾಗದಲ್ಲಿ ಉದ್ದಕ್ಕೆ ಮಣ್ಣು ತುಂಬಿ, ಮೆತ್ತಿ, ಮೇಲೆ ಗಟ್ಟಿಯಾಗಿ ಸುಣ್ಣ ಬಳಿದಿದ್ದರು. ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು. ಗಾಜಿನ ಪಟ್ಟಿಗಳು ಅದರಡಿಯಲ್ಲಿ ಎಲ್ಲೋ ಇದ್ದವು.

ಲಕ್ಕಪ್ಪನವರ ಹೆಂಡತಿ ಸತ್ಯವ್ವ ನನ್ನ ಹಿಂದೆಯೇ ಹತ್ತಿ ಬಂದಿದ್ದರು, ಹಬ್ಬದ ಸಿಹಿ ಉಂಡಿಯ ತಾಟು ಹಿಡಿದುಕೊಂಡು. ಮುಖದಲ್ಲಿ ಸಂತೋಷವಿತ್ತು. "ನೀವು ವಾರಾವಾರಾ ಬಂದು ನೀರು ಹಾಕಿ, ಮಣಕಾಲೂರಿ ಬಗ್ಗತಿದ್ರಿ. ನಾವು ದಿನಾ ಇದರ ನೆಳ್ಳಾಗ ಇರೋ ಮಂದಿ, ಒಂದಿನಾನೂ ಕೈ ಮುಗದಿರ್ಲಿಲ್ಲ. ನಮಗ ನಾಚಿಕಿ ಆತ್ರಿ ಅಕ್ಕಾರ" ಎಂದರು.

ನಾವು ಬೌದ್ಧರು. ನಮ್ಮ ಮನೆಯಲ್ಲಿ ಕಲ್ಲಿಗೆ ಕೈ ಮುಗಿಯುವುದು ಅಜ್ಜನ ಕಾಲಕ್ಕೇ ನಿಂತಿತ್ತು. ಆ ಗುಡ್ಡದ ಮೇಲೆ ಒಂದು ಹೊಸ ದೇವರು ನನ್ನಿಂದ ಹುಟ್ಟಿತ್ತು. ನಗು ಬರಬೇಕಾಗಿತ್ತು, ಬರಲಿಲ್ಲ. ಸುತ್ತಿಗೆ ತೆಗೆದು ಸುಣ್ಣ ಕೆರೆಯಲು ಹೋದೆ. ಸತ್ಯವ್ವ ಕೈ ಹಿಡಿದರು. ಪಂಚಮಿಯ ದಿನ ಭೂಮಿಗೆ ಕಬ್ಬಿಣ ತಾಗಿಸುವುದಿಲ್ಲ, ಅದೂ ಪೂಜೆಯಾದ ಕಲ್ಲಿಗೆ. ಇದು ದೇವರಲ್ಲ, ಬಂಡೆ ಸರಿಯುತ್ತಿದೆಯೋ ಎಂದು ನೋಡುವ ಗಾಜು ಎಂದು ಬಿಡಿಸಿ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು. ಆಮೇಲೆ, ಸರಿಯುವುದಿದ್ದರೆ ತಮ್ಮ ಮಾವನ ಕಾಲಕ್ಕೇ ಸರಿಯುತ್ತಿತ್ತು, ಈಗಂತೂ ಪೂಜೆಯಾಗಿದೆ, ಉಂಡಿ ತಿನ್ನಿ ಎಂದರು. ತಿಂದೆ.

ಹಬ್ಬ ಕಳೆದ ಮೇಲೆ ಮಳೆ ಬಿಡದೆ ಹಿಡಿಯಿತು. ಘಟಪ್ರಭೆ ಕೆಂಪಾಗಿ ದಂಡೆ ಮೀರತೊಡಗಿದಳು. ಗೋಕಾಕ ಫಾಲ್ಸಿನ ಮೊರೆತ ಕೊಣ್ಣೂರಿನ ನನ್ನ ಕೋಣೆಯ ಕಿಟಕಿಯನ್ನು ನಡುಗಿಸುತ್ತಿದೆಯೆಂದು ಅನ್ನಿಸುತ್ತಿತ್ತು. ನಿಜವಾಗಿ ನಡುಗುತ್ತಿತ್ತೋ ಇಲ್ಲವೋ ಈಗ ಹೇಳಲಾರೆ. ನಾನು ಮತ್ತೆ ಹತ್ತಿದಾಗ ಸುತ್ತಿಗೆಯ ಕೆಲಸವೇ ಬೀಳಲಿಲ್ಲ. ಗಟ್ಟಿ ಸುಣ್ಣದ ನಡುವೆ, ಈ ತುದಿಯಿಂದ ಆ ತುದಿಗೆ, ಒಂದು ಗೆರೆ ಬಿಟ್ಟಿತ್ತು. ಪೆನ್ಸಿಲಿನಿಂದ ಎಳೆದಷ್ಟು ತೆಳು. ಗೆರೆ ಮಳೆಗೆ ಕದಡಿ ಉಳಿದ ಕುಂಕುಮದ ಕಲೆಯನ್ನು ಸರಿಯಾಗಿ ಎರಡು ಹೋಳು ಮಾಡಿತ್ತು. ಮಣ್ಣು ಒಣಗಿ ಬಿಟ್ಟ ಬಿರುಕಿರಬಹುದೇ ಎಂದು ನನ್ನನ್ನೇ ಕೇಳಿಕೊಂಡೆ. ಅಂಥ ಮಳೆಯಲ್ಲಿ ಏನೂ ಒಣಗುವುದಿಲ್ಲ.

ಕೆಳಗೆ ಬಂಡೆಯ ಅಂಚಿನಲ್ಲಿ, ನನ್ನ ಪದರದಿಂದ, ನೀರು ಜಿನುಗುತ್ತಿತ್ತು. ಅಕ್ಕಿ ತೊಳೆದ ನೀರಿನ ಬಣ್ಣ. ಬೆರಳಿಟ್ಟರೆ ನುಣ್ಣಗೆ ಜಾರಿತು.

ಗೋಕಾಕದ ತಹಶೀಲ್ದಾರರ ಕಚೇರಿಗೆ ಹೋಗಿ ತಿಳಿಸಿದೆ. ನದಿದಂಡೆಯ ಊರುಗಳಿಂದ ಜನರನ್ನು ಹೊರಗೆ ತರುವುದರಲ್ಲಿ ಎಲ್ಲರೂ ಮುಳುಗಿದ್ದರು. ಗುಡ್ಡದ ಕಡೆ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಸದ್ಯಕ್ಕೆ ನೀವೇ ಹೇಳಿ ಮನೆ ಬಿಡಿಸಿರಿ ಎಂದರು. ಬಂಡೆ ಬೀಳುತ್ತದೆಯೇ ಎಂದು ಕೇಳಿದರು. ಬೀಳಬಹುದು ಎಂದೆ. ಯಾವಾಗ ಎಂದರು. ಗೊತ್ತಿಲ್ಲ ಎಂದೆ. ಅದೇ ನಿಜವಾಗಿತ್ತು. ಇಷ್ಟು ವರ್ಷ ಕಲಿತದ್ದು ಆ ಒಂದು ಪ್ರಶ್ನೆಯ ಮುಂದೆ ಅಷ್ಟಕ್ಕೇ ನಿಂತುಹೋಯಿತು.

ಲಕ್ಕಪ್ಪ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತು ನನ್ನ ಮಾತನ್ನೆಲ್ಲ ಕೇಳಿದರು. ಒಳ್ಳೆಯ ಮನುಷ್ಯ, ದನಿ ಏರಿಸದವರು. ತಾವು ಗಂಡಸರು ಎಲ್ಲಿ ಬೇಕಾದರೂ ಬಿದ್ದುಕೊಂಡೇವು, ಆದರೆ ಹಸಿ ಬಾಣಂತಿಯನ್ನು ಈ ಗಾಳಿಯಲ್ಲಿ ಹೊಸ್ತಿಲು ದಾಟಿಸಿ ಏನಾದರೂ ಆದರೆ ಬೀಗರಿಗೆ ಏನು ಹೇಳಲಿ ಎಂದರು. ಸತ್ಯವ್ವ ಇನ್ನೂ ಗಟ್ಟಿ. ಬಾಣಂತಿಗೆ ಗಾಳಿ ಸೋಕಿ ಸನ್ನಿಯಾಗಿ ಹೋದವರನ್ನು ಅವರು ಕಣ್ಣಾರೆ ಕಂಡಿದ್ದರು. ಬಂಡೆ ಬಿದ್ದು ಸತ್ತವರನ್ನು ಕಂಡಿರಲಿಲ್ಲ.

ಉತ್ತರ ಬಂದದ್ದು ಒಳಗಿನಿಂದ, ಕೌದಿ ಇಳಿಬಿಟ್ಟ ಬಾಗಿಲ ಹಿಂದಿನಿಂದ. ನಿಂಗವ್ವನ ದನಿ ನಾನು ಅದುವರೆಗೆ ಸರಿಯಾಗಿ ಕೇಳಿರಲಿಲ್ಲ.

"ಯವ್ವಾ, ಕಲ್ಲು ಮ್ಯಾಲ ಬಿತ್ತಂದ್ರ ಗಾಳಿ ಸೋಕಾಕ ನಾ ಎಲ್ಲಿರ್ತೇನಿ?"

ಲಕ್ಕಪ್ಪ ಎದ್ದು ಇನ್ನೊಂದು ಕಂಬಳಿ ತಂದರು. ಕಿವಿಗೆ ಅರಿವೆ ಕಟ್ಟಿ, ಮುಖವೂ ಕಾಣದ ಹಾಗೆ ಸುತ್ತಿ ಅವಳನ್ನು ನಡೆಸಿಕೊಂಡು ಹೊರಟರು. ಕೂಸು ಮೊರದಲ್ಲಿ, ಮೊರ ಸತ್ಯವ್ವನ ಎದೆಗೆ, ಮೇಲೆ ನನ್ನ ಕೊಡೆ. ವಸ್ತಿಯ ಆಚೆ ತುದಿಯ ಸರಕಾರಿ ಸಾಲಿಯಲ್ಲಿ ಮಾಸ್ತರರಿಗೆ ಹೇಳಿ ಒಂದು ಕೋಣೆ ತೆರೆಸಿದ್ದೆವು.

ಅಲ್ಲಿಂದ ಮುಂದಿನ ದಿನಗಳನ್ನು ಹೇಗೆ ಕಳೆದೆನೋ. ಬಂಡೆ ಬೀಳಲಿಲ್ಲ. ನಾನು ದಿನವೂ ಕೊಣ್ಣೂರಿನಿಂದ ಬರುತ್ತಿದ್ದೆ. ಸಾಲಿಯ ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದವರಿಗೆ ನಾನೊಂದು ಕಾಲಹರಣವಾದೆ. "ಅಕ್ಕಾರ, ನಿಮ್ಮ ಕಲ್ಲು ಎಷ್ಟೊತ್ತಿಗಿ ಬರ್ತೈತ್ರಿ? ಮೂಡಲಗಿ ಬಸ್ಸಿನಗತೆ ತಡಾ ಆತಲ್ಲ" ಎಂದು ಒಬ್ಬ ಕೇಳಿದ, ಎಲ್ಲರೂ ನಕ್ಕರು, ಲಕ್ಕಪ್ಪನೂ ತಲೆ ತಗ್ಗಿಸಿ ನಕ್ಕರು. ಸಾಲಿಯ ಕೋಣೆ ಸೋರುತ್ತಿತ್ತು. ಕೂಸಿಗೆ ಕೆಮ್ಮು ಹತ್ತಿತು. ಆ ಸಣ್ಣ ಎದೆಯಿಂದ ಬರುತ್ತಿದ್ದ ಸದ್ದು ಕೇಳಿದಾಗಲೆಲ್ಲ ಸತ್ಯವ್ವ ನನ್ನ ಕಡೆ ನೋಡುತ್ತಿದ್ದರು. ಆದರೆ ಚಹಾ ಕೊಡುವುದನ್ನು ನಿಲ್ಲಿಸಲಿಲ್ಲ. ನನಗೆ ಎರಡು ಭಯ: ಬಂಡೆ ಬೀಳುತ್ತದೆ ಎಂಬುದು ಒಂದು. ಬೀಳದೆ, ನನ್ನ ಮಾತಿನಿಂದ ಈ ಕೂಸು ಹೋಗುತ್ತದೆ ಎಂಬುದು ಇನ್ನೊಂದು.

ಆಮೇಲೆ ಒಂದು ಬೆಳಿಗ್ಗೆ ಮಳೆ ನಿಂತಿತು. ಬಿಸಿಲು ಬಂತು. ಇಡೀ ವಸ್ತಿ ಕೌದಿಗಳನ್ನು ಹೊರಗೆ ಹರವಿತು. ನಾನು ಸಾಲಿಗೆ ಹೋದಾಗ ನಿಂಗವ್ವ ಗಂಟು ಕಟ್ಟಿಕೊಂಡು ಕೂತಿದ್ದಳು. ಲಕ್ಕಪ್ಪ ಕುರಿ ಬಿಟ್ಟುಕೊಂಡು ಗುಡ್ಡದ ಆಚೆ ಮಗ್ಗುಲಿಗೆ ಹೋಗಿದ್ದರು. ಸತ್ಯವ್ವ ಎಲ್ಲಿ ಎಂದೆ. ಮನಿ ಬೆಚ್ಚಗ ಮಾಡಾಕ ಮುಂದ ಹೋಗ್ಯಾಳ, ನೆಲ ಸಾರಿಸಿ ಕೆಂಡಾ ಹಾಕಿ ನನ್ನ ಕರಕೊಂಡು ಹೋಗ್ತಾಳಂತ ಎಂದಳು ನಿಂಗವ್ವ.

ಮಳೆ ನಿಂತರೆ ನೀರು ನಿಲ್ಲುವುದಿಲ್ಲ. ಗುಡ್ಡದ ತಲೆಯ ಮೇಲೆ ಬಿದ್ದದ್ದು ಬಂಡೆಗಳ ಸಂದಿನಲ್ಲಿ ನಿಧಾನ ಇಳಿದು, ಬಿಸಿಲು ಬಿದ್ದ ಮೇಲೂ ಕೆಳಗಿನ ಪದರಕ್ಕೆ ಬಂದು ಸೇರುತ್ತಲೇ ಇರುತ್ತದೆ. ಇದನ್ನು ಹಿಂದಿನ ದಿನವೇ ಅವರಿಗೆ ಹೇಳಿದ್ದೆ. ಬಿಸಿಲಲ್ಲಿ ಅದು ಯಾರೂ ನಂಬುವ ಮಾತಲ್ಲ.

ಓಡಿದೆ. ಹೆಂಚಿನ ಸಂದಿನಿಂದ ಅಜವಾನದ ಹೊಗೆ ನೆಟ್ಟಗೆ ಏಳುತ್ತಿತ್ತು. ಮೊದಲು ಬಂಡೆಯ ಅಂಚು ನೋಡಿದೆ. ಇಷ್ಟು ದಿನ ಜಿನುಗುತ್ತಿದ್ದ ಬಿಳಿ ನೀರು ನಿಂತಿತ್ತು. ಕಲ್ಲಿನ ಮೇಲೆ ಅದರ ಗುರುತು ಇನ್ನೂ ಹಸಿಯಾಗಿತ್ತು, ನೀರು ಇರಲಿಲ್ಲ. ಒಳಗೆ ಏನೋ ಕೂತು ಅದರ ದಾರಿ ಮುಚ್ಚಿದೆ, ಕೂಡಿಕೊಂಡ ನೀರು ಬಂಡೆಯನ್ನು ಎತ್ತಿ ತಳ್ಳುತ್ತಿದೆ ಎಂದುಕೊಂಡೆ. ಕೂಗಬೇಕಾಗಿತ್ತು. ಅದನ್ನು ಬಿಟ್ಟು ಅಂಗಳದ ನಡುವೆ, ಹಸಿ ನೆಲದ ಮೇಲೆ, ಕೂತುಬಿಟ್ಟೆ.

ಸತ್ಯವ್ವ ಸಗಣಿಯ ಕೈಯಲ್ಲೇ ಬಾಗಿಲಿಗೆ ಬಂದರು.

"ಯಾಕ್ರಿ ಅಕ್ಕಾರ, ಹಿಂಗ್ಯಾಕ ಕುಂತ್ರಿ?"

ಬರ್ರಿ, ಹೊರಗ ಬರ್ರಿ ಎಂದೆ. ಅಷ್ಟೇ ಬಂತು. ಅವರು ತಲೆಯೆತ್ತಿ ಬಂಡೆಯನ್ನು ನೋಡಿದರು. ಅದು ಎಂದಿನಂತೆ ಇತ್ತು, ಬಿಸಿಲಲ್ಲಿ ಸುಣ್ಣ ಹೊಳೆಯುತ್ತಿತ್ತು. ಮತ್ತೆ ನನ್ನನ್ನು ನೋಡಿದರು. ಹತ್ತಿರ ಬಂದು ಸಗಣಿಯ ಕೈಯಿಂದ ನನ್ನ ಕೈ ಹಿಡಿದರು. ಬಹುವಚನ ಬಿಟ್ಟು, ಮಗಳಿಗೆ ಹೇಳುವ ಹಾಗೆ ಹೇಳಿದರು:

"ಏಳವಾ. ಇಷ್ಟು ಅಂಜ್ತಿ, ಮತ್ತ ಅದರ ಬುಡಕ ಬಂದು ಕುಂದರ್ತೀಯಲ್ಲ. ನಡಿ, ಸಾಲಿ ತನಕ ಬಿಟ್ಟು ಬರ್ತೇನಿ."

ನನ್ನ ಲೆಕ್ಕವನ್ನು ಅವರು ಆಗಲೂ ನಂಬಿರಲಿಲ್ಲ. ನನಗೆ ಹೆದರಿಕೆಯಾಗಿದೆ ಎಂಬುದನ್ನು ಮಾತ್ರ ನಂಬಿದರು. ಹೆದರಿದ ಹುಡುಗಿಯೊಬ್ಬಳನ್ನು ಅಲ್ಲಿಂದ ದೂರ ಕರೆದೊಯ್ಯಲು, ಕೆಂಡದ ಮೇಲೆ ನೀರಿಟ್ಟು ಬಂದ ಹೆಂಗಸು, ನೆಲ ಅರ್ಧ ಸಾರಿಸಿದ್ದನ್ನು ಬಿಟ್ಟು, ನನ್ನ ರಟ್ಟೆ ಹಿಡಿದು ನಡೆದರು. ದಾರಿಯುದ್ದಕ್ಕೂ ಬೈಯುತ್ತಿದ್ದರು. ಇಷ್ಟು ಓದಿಸಿದ ನಿಮ್ಮವ್ವ ಒಂದು ತಾಯಿತ ಕಟ್ಟಿಸಬಾರದಾಗಿತ್ತೇ ಎಂದರು.

ನಾವು ಬೇವಿನ ಮರ ದಾಟಿದ್ದೆವು. ಮೊದಲು ಬಂದದ್ದು ದೊಡ್ಡ ಸದ್ದಲ್ಲ. ಹಳೆಯ ಕಂಬಳಿ ಹರಿದ ಹಾಗೆ, ಉದ್ದಕ್ಕೆ, ಒಣ ಸದ್ದು. ತಿರುಗಿದೆ. ಬಂಡೆ ಬೀಳಲಿಲ್ಲ, ಹೊರಟಿತು. ಗಾಡಿಯೊಂದು ನಿಲ್ದಾಣ ಬಿಡುವಷ್ಟು ನಿಧಾನವಾಗಿ ಸರಿದದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಮನೆ ಇರಲಿಲ್ಲ. ನೆಲ ಕಾಲಡಿಯಲ್ಲಿ ಎದ್ದು ಕೂತಿತು. ಕಲ್ಲಿಗೆ ಕಲ್ಲು ಉಜ್ಜಿದ ಸುಟ್ಟ ವಾಸನೆ, ಮತ್ತು ಅದರೊಳಗೆ, ನಂಬಲಾಗದ ಹಾಗೆ, ಅಜವಾನದ ವಾಸನೆ. ಸತ್ಯವ್ವ ನನ್ನ ರಟ್ಟೆಯನ್ನು ಬಿಡಲಿಲ್ಲ. ಧೂಳು ಇಳಿಯುವವರೆಗೆ ಇಬ್ಬರೂ ಹಾಗೇ ನಿಂತಿದ್ದೆವು. ಆಗ ಅವರಿಗೆ ನೆನಪಾಗಿದ್ದು ಆ ಬೆಳಿಗ್ಗೆಯೇ ತಂದು ಒಲೆಯ ಹಿಂದೆ ಬುಟ್ಟಿ ಮುಚ್ಚಿಟ್ಟಿದ್ದ ಕುರಿಮರಿಗಳು. "ಮರಿಗೋಳು" ಎಂದು ಒಂದೇ ಮಾತು ಅಂದರು, ಬಹಳ ಮೆಲ್ಲಗೆ. ಅವು ಸಿಗಲಿಲ್ಲ.

ಕೂಸಿನ ಕೆಮ್ಮು ವಾಸಿಯಾಯಿತು. ಲಕ್ಕಪ್ಪ ಸಾಲಿಯ ಹಿಂದೆ, ಬಯಲಿನಲ್ಲಿ, ಹೊಸ ಮನೆ ಕಟ್ಟಿದರು. ಬಂಡೆ ಮಲಗಿದ್ದ ಓರೆಯನ್ನು ಮುಂದಿನ ಮಳೆಗಳು ತೊಳೆದವು. ಬೂದುಹಸಿರು ಮಣ್ಣು ಹರಿದುಹೋಗಿ ಕೆಳಗಿನ ಕಲ್ಲು ಪೂರ್ತಿ ಹೊರಬಿತ್ತು: ಅಲೆಯ ಗೆರೆಗಳು, ಅವುಗಳ ಮೇಲೆ ಕೆನೆಯ ಸುಕ್ಕು, ಆ ತುದಿಯಿಂದ ಈ ತುದಿಯವರೆಗೆ, ನಿನ್ನೆಯಷ್ಟೇ ನೀರು ಇಳಿದುಹೋದ ಹಾಗೆ. ದೂರದಿಂದ ವಿಜ್ಞಾನಿಗಳು ಬಂದು ನೋಡಿದರು. ಇಂಥದ್ದು ಸಿಗಲು ಪುಣ್ಯ ಬೇಕು ಎಂದು ಒಬ್ಬರು ನನ್ನ ಕೈ ಕುಲುಕಿದರು. ನಾನು ಅಳತೆ ಮಾಡಿದೆ, ಬರೆದೆ, ಪದವಿಯೂ ಬಂತು. ಆದರೆ ಅದರ ಮೇಲೆ ಕಾಲಿಟ್ಟು ನಡೆಯಲು ಇಂದಿಗೂ ಆಗುವುದಿಲ್ಲ. ಪಕ್ಕದಲ್ಲಿ ನಿಂತು ಕೈ ಚಾಚಿ ಅಳೆಯುತ್ತೇನೆ.

ಈ ಬೇಸಿಗೆಯಲ್ಲಿ ಹೋಗಿದ್ದಾಗ ಸತ್ಯವ್ವ ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಗೆ ಬಂದರು. ಹುಡುಗಿ ಸುಕ್ಕುಗಳ ಮೇಲೆ ಕುಂಡಿಯೂರಿ ಜಾರುತ್ತಿದ್ದಳು. ಸತ್ಯವ್ವ ಕಲ್ಲಿನ ಮೇಲೆ ಕೈಯಾಡಿಸಿ, ಸಗಣಿ ಸಾರಿಸಿದ ನೆಲದ ಹಾಗೆ ಇದೆ, ಯಾರ ಬೆರಳು ಇವು ಎಂದರು. ಸಮುದ್ರದ್ದು ಎಂದೆ. ಆ ಸಮುದ್ರದಾಗ ಏನಿದ್ದವು ಎಂದು ಕೇಳಿದರು. ಮೀನಿರಲಿಲ್ಲ, ಮನುಷ್ಯರಿರಲಿಲ್ಲ, ಹಕ್ಕಿ ಪಕ್ಕಿ ಯಾವುದೂ ಇರಲಿಲ್ಲ. ಕಣ್ಣಿರುವ ಜೀವವೇ ಇರಲಿಲ್ಲ, ಬರೀ ಲೋಳೆ ಎಂದೆ.

ಅವರು ಕಲ್ಲಿನಿಂದ ಕೈ ತೆಗೆದರು. "ಹಂಗಾರ ಅಂಜಾವರು ಯಾರೂ ಇರ್ಲಿಲ್ಲ" ಎಂದರು.

ಇರಲಿಲ್ಲ ಎಂದೆ.

ಸತ್ಯವ್ವ ಮೊಮ್ಮಗಳನ್ನು ಕರೆದು ಸೊಂಟಕ್ಕೆ ಎತ್ತಿಕೊಂಡರು. ಹೊರಡುವ ಮುಂಚೆ ಗುಡ್ಡದ ಮೇಲೆ ಉಳಿದ ಬಂಡೆಗಳನ್ನು ಎಡದಿಂದ ಬಲಕ್ಕೆ, ಒಂದೊಂದನ್ನೂ ಬಿಡದೆ, ನೋಡಿದರು.